ಮಿರ್ಜಾ ಇಸ್ಮಾಯಿಲ್

ಸರ್ ಮಿರ್ಜಾ ಮೊಹಮ್ಮದ್ ಇಸ್ಮಾಯಿಲ್ (24 ಅಕ್ಟೋಬರ್ 1883 – 5 ಜನವರಿ 1959) ಅವರು ಮೈಸೂರು ಸಂಸ್ಥಾನದ ದಿವಾನರಾಗಿ 1926ರಿಂದ 1941ರವರೆಗೆ ಸೇವೆ ಸಲ್ಲಿಸಿದ ಆಡಳಿತಗಾರರು. ಆನಂತರ ಜಯಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಪ್ರಧಾನಮಂತ್ರಿಗಳಾಗಿದ್ದರು. ಕೈಗಾರಿಕೆಗಳ ಸ್ಥಾಪನೆ, ನಗರಗಳ ಅಲಂಕರಣ ಹಾಗೂ ಉದ್ಯಾನಗಳ ನಿರ್ಮಾಣಕ್ಕಾಗಿ ಅವರು ಹೆಸರಾಗಿದ್ದಾರೆ. ಇಂದಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿರುವ ಬೃಂದಾವನ ಉದ್ಯಾನ ಅವರ ಕಾಲದ ಅತ್ಯಂತ ಪ್ರಸಿದ್ಧ ನಿರ್ಮಾಣವಾಗಿದೆ. ಕಟ್ಟಡ, ನೀರು, ಗಿಡಮರ ಮತ್ತು ವಿದ್ಯುದ್ದೀಪಗಳನ್ನು ಒಂದೇ ಯೋಜನೆಯಡಿ ತಂದ ಈ ಉದ್ಯಾನವು ಭಾರತದಲ್ಲಿ ಅಣೆಕಟ್ಟಿನ ಬುಡದಲ್ಲಿ ಸಾರ್ವಜನಿಕ ವಿಹಾರಸ್ಥಳವನ್ನು ರೂಪಿಸಿದ ಮೊದಮೊದಲ ಪ್ರಯತ್ನಗಳಲ್ಲಿ ಒಂದು.

ಮನೆತನ ಮತ್ತು ಬಾಲ್ಯ

ಮಿರ್ಜಾ ಇಸ್ಮಾಯಿಲ್ ಅವರು ಬೆಂಗಳೂರಿನಲ್ಲಿ ಪರ್ಷಿಯಾ ಮೂಲದ ಮನೆತನವೊಂದರಲ್ಲಿ ಜನಿಸಿದರು. ಅವರ ಅಜ್ಜ ಅಲಿ ಅಸ್ಕರ್ ಅವರು ಶಿರಾಜ್ ನಗರದಿಂದ 19ನೆಯ ಶತಮಾನದ ಆದಿಭಾಗದಲ್ಲಿ ಕುದುರೆ ವ್ಯಾಪಾರಕ್ಕಾಗಿ ಬೆಂಗಳೂರಿಗೆ ಬಂದು ನೆಲೆಸಿದವರು. ಅವರು ತಂದ ಕುದುರೆಗಳನ್ನು ದಂಡಿನ ಅಧಿಕಾರಿಗಳು ಮತ್ತು ಮೈಸೂರು ಅರಮನೆಯವರು ಕೊಳ್ಳುತ್ತಿದ್ದರು. ಕಮಿಷನರ್ ಮಾರ್ಕ್ ಕಬ್ಬನ್ ಅವರ ಪರಿಚಯ ಮತ್ತು ಪ್ರೋತ್ಸಾಹದಿಂದ ಅಲಿ ಅಸ್ಕರ್ ಅವರು ಬೆಂಗಳೂರು ದಂಡು ಪ್ರದೇಶದಲ್ಲಿ ವಿಶಾಲ ಆವರಣಗಳುಳ್ಳ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆಯು ಇಂದಿಗೂ ಅವರ ಹೆಸರನ್ನು ಉಳಿಸಿಕೊಂಡಿದೆ.

ಮಿರ್ಜಾ ಅವರ ತಂದೆ ಆಗಾ ಜಾನ್ ಅವರು ಮೈಸೂರು ಮಹಾರಾಜರ ಅಂಗರಕ್ಷಕ ಅಧಿಕಾರಿಗಳಾಗಿದ್ದರು. ಹೀಗೆ ಮನೆ ಕಟ್ಟಿಸುವ ಅಭಿರುಚಿ ಅಜ್ಜನ ಕಡೆಯಿಂದಲೂ, ಅರಮನೆಯ ಒಡನಾಟ ತಂದೆಯ ಕಡೆಯಿಂದಲೂ ಬಾಲ್ಯದಲ್ಲಿಯೇ ಅವರಿಗೆ ದೊರೆತಿದ್ದವು.

ಶಿಕ್ಷಣ ಹಾಗೂ ಸೇವೆಯ ಆರಂಭ

ಬೆಂಗಳೂರಿನ ಶಾಲೆಗಳಲ್ಲಿ ಆರಂಭಿಕ ವಿದ್ಯಾಭ್ಯಾಸ ನಡೆದ ಬಳಿಕ, ಬಾಲಕ ನಾಲ್ವಡಿ ಕೃಷ್ಣರಾಜ ಒಡೆಯರ ಶಿಕ್ಷಣಕ್ಕಾಗಿ ಏರ್ಪಡಿಸಿದ್ದ ಅರಮನೆಯ ಶಾಲೆಗೆ ಸಹಪಾಠಿಯಾಗಿ ಸೇರುವ ಅವಕಾಶ ಮಿರ್ಜಾ ಅವರಿಗೆ ಒದಗಿತು. ಈ ಶಾಲೆಯ ಹೊಣೆಯನ್ನು ಸ್ಟೂಅರ್ಟ್ ಫ್ರೇಸರ್ ಅವರು ಹೊತ್ತಿದ್ದರು. ಅಲ್ಲಿ ಬೆಳೆದ ಸ್ನೇಹ ಮಹಾರಾಜರ ನಿಧನದವರೆಗೂ ಮುಂದುವರಿಯಿತು. ಮಿರ್ಜಾ ಅವರ ದೀರ್ಘ ದಿವಾನಗಿರಿಗೆ ಈ ಸ್ನೇಹವೇ ಆಧಾರವಾಗಿತ್ತು. 1905ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಅವರು ಬಿ.ಎ. ಪದವಿ ಪಡೆದರು.

ಅದೇ ವರ್ಷ ಸಂಸ್ಥಾನದ ಪೊಲೀಸ್ ಇಲಾಖೆಯಲ್ಲಿ ಸಹಾಯಕ ಸೂಪರಿಂಟೆಂಡೆಂಟ್ ಆಗಿ ಸೇರಿದ ಅವರು, ಕೆಲವು ವರ್ಷಗಳಲ್ಲಿ ಮಹಾರಾಜರ ಕಾರ್ಯಾಲಯಕ್ಕೆ ವರ್ಗವಾದರು. 1914ರಲ್ಲಿ ಹುಜೂರ್ ಕಾರ್ಯದರ್ಶಿಯಾಗಿಯೂ, 1922ರಲ್ಲಿ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿಯೂ ನೇಮಕಗೊಂಡರು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–1918ರ ಅವಧಿಯಲ್ಲಿ ಅವರು ಅರಮನೆಯ ಕಾರ್ಯಾಲಯದಲ್ಲಿದ್ದರು. ಯೋಜನೆಗಳ ರೂಪಣೆ, ಹಣಕಾಸಿನ ಲೆಕ್ಕ ಮತ್ತು ಇಲಾಖೆಗಳ ನಡುವಣ ಸಮನ್ವಯ ಇವುಗಳ ಪರಿಚಯ ಅವರಿಗೆ ಆಗ ದೊರೆಯಿತು.

ಮೈಸೂರಿನ ದಿವಾನರು

1926ರಲ್ಲಿ ಎ. ಆರ್. ಬ್ಯಾನರ್ಜಿ ಅವರ ತರುವಾಯ ಮಿರ್ಜಾ ಇಸ್ಮಾಯಿಲ್ ಅವರು ಮೈಸೂರಿನ ದಿವಾನರಾದರು. ಆಗ ಅವರ ವಯಸ್ಸು 42 ವರ್ಷ. ದಿವಾನರು ಸಂಸ್ಥಾನದ ಮುಖ್ಯ ಆಡಳಿತಾಧಿಕಾರಿಯಾಗಿದ್ದುದಲ್ಲದೆ ಪ್ರಜಾಪ್ರತಿನಿಧಿ ಸಭೆ ಮತ್ತು ನ್ಯಾಯವಿಧಾಯಕ ಸಭೆಗಳ ಅಧ್ಯಕ್ಷತೆಯನ್ನೂ ವಹಿಸುತ್ತಿದ್ದರು.

ಅವರ ಅವಧಿಯಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದ ಮತ್ತು ಸಿಮೆಂಟ್ ಕಾರ್ಖಾನೆಗಳು, ಬೆಂಗಳೂರಿನ ಪಿಂಗಾಣಿ ಕಾರ್ಖಾನೆ, ವಿದ್ಯುದ್ದೀಪ ತಯಾರಿಕೆಯ ಉದ್ಯಮ ಮೊದಲಾದವು ಸ್ಥಾಪನೆಗೊಂಡವು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಉಪಕ್ರಮ ಹಾಗೂ ಮೈಸೂರು ಸರ್ಕಾರದ ಪಾಲುಗಾರಿಕೆಯಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿತವಾಯಿತು. ಶಿಂಷಾ ಜಲವಿದ್ಯುತ್ ಕೇಂದ್ರದ ನಿರ್ಮಾಣ ನಡೆದು, ಗ್ರಾಮಗಳಿಗೆ ವಿದ್ಯುತ್ ಒದಗಿಸುವ ಕಾರ್ಯಕ್ಕೆ ಚಾಲನೆ ದೊರೆಯಿತು. 1927ರಲ್ಲಿ ಮಹಾತ್ಮ ಗಾಂಧಿಯವರು ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟ ಮತ್ತು ಬೆಂಗಳೂರಿನಲ್ಲಿ ತಂಗಿದ್ದಾಗ ಸಂಸ್ಥಾನವು ಅವರಿಗೆ ಆತಿಥ್ಯ ನೀಡಿತು. 1930ರಿಂದ ಲಂಡನ್ನಿನಲ್ಲಿ ನಡೆದ ದುಂಡುಮೇಜಿನ ಪರಿಷತ್ತುಗಳಲ್ಲಿ ಮಿರ್ಜಾ ಅವರು ದಕ್ಷಿಣ ಭಾರತದ ಸಂಸ್ಥಾನಗಳ ಪ್ರತಿನಿಧಿಯಾಗಿ ಭಾಗವಹಿಸಿದರು. 1930ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ಮಹಾರಾಜರಿಂದ ಅಮೀನ್-ಉಲ್-ಮುಲ್ಕ್ ಎಂಬ ಬಿರುದೂ ಸಂದಿತು.

ಕೃಷ್ಣರಾಜಸಾಗರದ ಹಿನ್ನೆಲೆ

ಬೃಂದಾವನ ಉದ್ಯಾನದ ರಚನೆಯನ್ನು ತಿಳಿಯಲು ಅದಕ್ಕೆ ಆಧಾರವಾದ ಅಣೆಕಟ್ಟಿನ ಪರಿಚಯ ಅಗತ್ಯ. ಕಾವೇರಿ, ಹೇಮಾವತಿ ಮತ್ತು ಲಕ್ಷ್ಮಣತೀರ್ಥ ನದಿಗಳ ಸಂಗಮದ ಕೆಳಭಾಗದಲ್ಲಿ, ಕನ್ನಂಬಾಡಿ ಗ್ರಾಮದ ಬಳಿ, 1911ರಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಯಿತು. ಯೋಜನೆಯನ್ನು ರೂಪಿಸಿದವರು ಆಗಿನ ಮುಖ್ಯ ಇಂಜಿನಿಯರ್ ವಿಶ್ವೇಶ್ವರಯ್ಯನವರು. ಕಲ್ಲು ಮತ್ತು ಸುರ್ಕಿ ಗಾರೆಯಿಂದ, ಅಂದರೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಸಿದ್ಧಪಡಿಸಿದ ಗಾರೆಯಿಂದ ಕಟ್ಟಲಾದ ಈ ಅಣೆಕಟ್ಟು ಸುಮಾರು 8,600 ಅಡಿ ಉದ್ದ ಹಾಗೂ ಸುಮಾರು 130 ಅಡಿ ಎತ್ತರವಿದೆ. ಕಾವೇರಿ ನೀರಿನ ಹಂಚಿಕೆಯ ಕುರಿತು ಮದ್ರಾಸ್ ಸರ್ಕಾರದೊಡನೆ ಇದ್ದ ವಿವಾದವು 1924ರ ಒಪ್ಪಂದದಲ್ಲಿ ಕೊನೆಗೊಂಡ ಮೇಲೆ ಪೂರ್ಣ ಎತ್ತರದ ನಿರ್ಮಾಣಕ್ಕೆ ದಾರಿ ಸುಗಮವಾಯಿತು.

ಜಲಾಶಯದ ಹಿನ್ನೀರು ಪಾಂಡವಪುರ ಮತ್ತು ಕೃಷ್ಣರಾಜಪೇಟೆ ತಾಲ್ಲೂಕುಗಳ ಕಡೆಗೂ ಚಾಚಿತು. ಕನ್ನಂಬಾಡಿ ಸೇರಿದಂತೆ ಹಲವು ಗ್ರಾಮಗಳು, ಅವುಗಳ ಹೊಲಗದ್ದೆಗಳು ಮತ್ತು ದೇವಾಲಯಗಳು ನೀರಿನಲ್ಲಿ ಮುಳುಗಿದವು. ಹೊಯ್ಸಳ ಕಾಲದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವೂ ಹೀಗೆ ಮುಳುಗಿತ್ತು. ಅದನ್ನು ಬಹುಕಾಲದ ನಂತರ ಹೊಸ ಕನ್ನಂಬಾಡಿಯ ಬಳಿ ಹಿನ್ನೀರಿನ ದಡದಲ್ಲಿ ಮರುನಿರ್ಮಿಸಲಾಯಿತು. ಅಣೆಕಟ್ಟಿನ ಒಂದು ಬದಿಯಲ್ಲಿ ನೆಲ ಕಳೆದುಕೊಂಡ ಊರುಗಳು, ಇನ್ನೊಂದು ಬದಿಯಲ್ಲಿ ನೀರು ಮತ್ತು ಬೆಳಕಿನ ಉದ್ಯಾನ. ಈ ಭಾಗದ ಜನರ ನೆನಪಿನಲ್ಲಿ ಕನ್ನಂಬಾಡಿ ಕಟ್ಟೆಗೆ ಇವೆರಡೂ ಸೇರಿವೆ.

ಉದ್ಯಾನದ ರಚನೆ

ಮಿರ್ಜಾ ಅವರು ದಿವಾನರಾದ ಮರುವರ್ಷವೇ, 1927ರಲ್ಲಿ, ಅಣೆಕಟ್ಟಿನ ಬುಡದ ನೆಲದಲ್ಲಿ ಉದ್ಯಾನದ ಕಾಮಗಾರಿ ಆರಂಭವಾಗಿ 1932ರಲ್ಲಿ ಮುಗಿಯಿತು. ದೊಡ್ಡ ಅಣೆಕಟ್ಟುಗಳ ನಿರ್ಮಾಣ ಮುಗಿದ ಮೇಲೆ ಬುಡದ ಜಾಗದಲ್ಲಿ ಕಲ್ಲು ತೆಗೆದ ಹಳ್ಳಗಳು, ಕೂಲಿಕಾರರ ಬಿಡಾರಗಳ ಅವಶೇಷಗಳು ಮತ್ತು ಸಾಮಗ್ರಿಯ ರಾಶಿಗಳು ಉಳಿಯುವುದು ಸಾಮಾನ್ಯ. ಇಂತಹ ನೆಲವನ್ನೇ ವಿಹಾರಸ್ಥಳವಾಗಿ ಪರಿವರ್ತಿಸುವುದು ಯೋಜನೆಯ ತಿರುಳಾಗಿತ್ತು. ಆರಂಭದಲ್ಲಿ ಇದಕ್ಕೆ ಕೃಷ್ಣರಾಜೇಂದ್ರ ಟೆರೇಸ್ ಗಾರ್ಡನ್ ಎಂಬ ಹೆಸರಿತ್ತು. ಬೃಂದಾವನ ಎಂಬ ಹೆಸರು ಆಮೇಲೆ ರೂಢಿಗೆ ಬಂದಿತು.

ಉದ್ಯಾನದ ಕಲ್ಪನೆಗೆ ಕಾಶ್ಮೀರದ ಶಾಲಿಮಾರ್ ಉದ್ಯಾನ ಮಾದರಿಯಾಗಿತ್ತು. ಮೊಗಲರ ಕಾಲದ ಆ ಉದ್ಯಾನದಲ್ಲಿ ಬೆಟ್ಟದ ಇಳಿಜಾರನ್ನು ಮೆಟ್ಟಿಲುಗಳಾಗಿ ಕತ್ತರಿಸಿ, ನಡುವೆ ಕಾಲುವೆ ಹರಿಸಿ, ಎರಡೂ ಕಡೆ ಸಮನಾಗಿ ಮಡಿಗಳನ್ನು ಜೋಡಿಸಲಾಗಿದೆ. ಶ್ರೀರಂಗಪಟ್ಟಣ ಸೀಮೆಯಲ್ಲಿ ಅಂತಹ ಬೆಟ್ಟವಾಗಲಿ, ಹಿಮ ಕರಗಿ ಬರುವ ತೊರೆಯಾಗಲಿ ಇರಲಿಲ್ಲ. ಆ ಎರಡರ ಸ್ಥಾನವನ್ನೂ ಇಲ್ಲಿ ಅಣೆಕಟ್ಟು ತುಂಬಿತು. ಜಲಾಶಯದಲ್ಲಿ ನಿಂತ ನೀರಿನ ಮಟ್ಟವು ಉದ್ಯಾನದ ನೆಲಕ್ಕಿಂತ ಬಹಳ ಎತ್ತರದಲ್ಲಿರುವುದರಿಂದ, ಆ ಎತ್ತರದ ಒತ್ತಡವನ್ನೇ ಬಳಸಿಕೊಂಡು ಕಾರಂಜಿಗಳು ಚಿಮ್ಮುವಂತೆಯೂ, ಮೆಟ್ಟಿಲುಗಳ ಮೇಲೆ ನೀರು ಜಾರುವಂತೆಯೂ ಏರ್ಪಡಿಸಲಾಯಿತು.

ವಿನ್ಯಾಸದ ಕಾರ್ಯದಲ್ಲಿ ಮುಖ್ಯ ಪಾತ್ರ ವಹಿಸಿದವರು ಜರ್ಮನಿಯ ಉದ್ಯಾನ ತಜ್ಞ ಗುಸ್ಟಾವ್ ಹರ್ಮನ್ ಕೃಂಬಿಗಲ್. ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾ ಸಂಸ್ಥಾನದ ತೋಟಗಳ ಹೊಣೆ ಹೊತ್ತಿದ್ದ ಅವರು 1908ರಲ್ಲಿ ಬೆಂಗಳೂರಿನ ಲಾಲ್‌ಬಾಗ್‌ಗೆ ಬಂದಿದ್ದರು. ಸಸ್ಯಶಾಸ್ತ್ರದ ಜೊತೆಗೆ ಕಟ್ಟಡ ಮತ್ತು ನಗರ ಯೋಜನೆಯ ವಿಷಯಗಳಲ್ಲಿಯೂ ಸಂಸ್ಥಾನವು ಅವರ ಸಲಹೆಯನ್ನು ಪಡೆಯುತ್ತಿತ್ತು. ವರ್ಷವಿಡೀ ಒಂದಲ್ಲ ಒಂದು ಜಾತಿಯ ಮರ ಹೂಬಿಡುವಂತೆ ಬೆಂಗಳೂರಿನ ಬೀದಿಗಳಲ್ಲಿ ಸಾಲುಮರಗಳನ್ನು ಆರಿಸಿ ನೆಡಿಸಿದ ಕೀರ್ತಿಯೂ ಅವರದು.

ಉದ್ಯಾನದ ವಿಸ್ತೀರ್ಣ ಸುಮಾರು 60 ಎಕರೆ. ನೆಲವನ್ನು ಮೂರು ಹಂತಗಳಾಗಿ ವಿಂಗಡಿಸಲಾಗಿದೆ. ನಡುವಣ ನೀರಿನ ಸಾಲು ಇಡೀ ರಚನೆಗೆ ಅಕ್ಷದಂತಿದ್ದು, ಅದರ ಇಕ್ಕೆಲಗಳಲ್ಲಿ ಹುಲ್ಲುಹಾಸು, ಕತ್ತರಿಸಿ ಆಕಾರ ಕೊಟ್ಟ ಗಿಡಗಳು, ಬಳ್ಳಿ ಹಬ್ಬಿಸಿದ ಚಪ್ಪರಗಳು ಮತ್ತು ಸಣ್ಣ ಮಂಟಪಗಳು ಇವೆ. ಫೈಕಸ್ ಜಾತಿಯ ಮರಗಳು, ದುರಂತಾ, ಕೋಳಿಜುಟ್ಟು, ಚೆಂಡುಹೂ, ಕಾಗದದ ಹೂ ಮೊದಲಾದ ಗಿಡಗಳನ್ನು ಬಣ್ಣ ಮತ್ತು ಎತ್ತರಕ್ಕೆ ಅನುಗುಣವಾಗಿ ನೆಡಲಾಗಿದೆ. ದೋಣಿವಿಹಾರಕ್ಕೆ ಬಳಕೆಯಾಗುವ ಕೊಳವು ಉದ್ಯಾನವನ್ನು ಉತ್ತರ ಮತ್ತು ದಕ್ಷಿಣ ಭಾಗಗಳಾಗಿ ಬೇರ್ಪಡಿಸುತ್ತದೆ. ಅಣೆಕಟ್ಟಿನ ಗೋಡೆಯ ಬುಡದಲ್ಲಿ ಕಾವೇರಿಯ ವಿಗ್ರಹವಿದೆ. ಪಕ್ಕದಲ್ಲಿ ಹಣ್ಣಿನ ತೋಟ ಹಾಗೂ ನಾಗವನ, ಚಂದ್ರವನ ಎಂಬ ತೋಟಗಾರಿಕೆ ಕ್ಷೇತ್ರಗಳಿವೆ.

ಉದ್ಯಾನದ ಮತ್ತೊಂದು ಹೊಸತನ ವಿದ್ಯುದ್ದೀಪ. 1902ರಿಂದ ಶಿವನಸಮುದ್ರದಲ್ಲಿ ಉತ್ಪಾದನೆಯಾಗುತ್ತಿದ್ದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೂ, ಬೆಂಗಳೂರು ಮತ್ತು ಮೈಸೂರು ನಗರಗಳಿಗೂ ಹರಿಯುತ್ತಿತ್ತು. ಕೃಷ್ಣರಾಜಸಾಗರದ ಜಲಾಶಯ ಆ ಕೇಂದ್ರಕ್ಕೆ ವರ್ಷವಿಡೀ ನೀರಿನ ಭರವಸೆ ನೀಡಿತು. ಅದೇ ನೀರಿನಿಂದ ಹುಟ್ಟಿದ ವಿದ್ಯುತ್ತು ಜಲಾಶಯದ ಬುಡದ ಕಾರಂಜಿಗಳಿಗೆ ಬಣ್ಣದ ಬೆಳಕಾಗಿ ಮರಳಿತು. ಬಿಸಿಲಿನ ಸೀಮೆಯಲ್ಲಿ ಉದ್ಯಾನವನ್ನು ಸಂಜೆಯ ನಂತರ ನೋಡುವ ರೂಢಿ ಬೆಳೆಯಲು ಈ ದೀಪಗಳೇ ಕಾರಣವಾದವು. ಹಳ್ಳಿಗಳಲ್ಲಿ ಇನ್ನೂ ಎಣ್ಣೆದೀಪಗಳೇ ಇದ್ದ ಆ ದಿನಗಳಲ್ಲಿ, ಸುತ್ತಮುತ್ತಲ ತಾಲ್ಲೂಕುಗಳ ಅನೇಕರಿಗೆ ವಿದ್ಯುತ್ತಿನ ದೊಡ್ಡ ಪ್ರದರ್ಶನ ಕಂಡದ್ದು ಇಲ್ಲಿಯೇ.

ಅತಿಥಿಗೃಹದ ಸ್ಥಾನ

ಉದ್ಯಾನದ ಅಂಚಿನ ಎತ್ತರದ ನೆಲದಲ್ಲಿ ಸಂಸ್ಥಾನದ ಅತಿಥಿಗಳಿಗಾಗಿ ನಿರ್ಮಾಣವಾದ ಭವನವು ಮುಂದೆ ಹೋಟೆಲ್ ಕೃಷ್ಣರಾಜಸಾಗರ ಎಂದು ಹೆಸರಾಯಿತು. ಅಣೆಕಟ್ಟು, ಕೊಳ ಮತ್ತು ಕಾರಂಜಿಗಳ ಸಾಲು ಕಾಣುವ ಜಾಗದಲ್ಲಿ ಅದನ್ನು ನಿಲ್ಲಿಸಲಾಗಿದೆ. ಇಡೀ ಪ್ರದೇಶದ ವಿನ್ಯಾಸದಲ್ಲಿ ಈ ಭವನಕ್ಕೆ ಕೊಟ್ಟ ಸ್ಥಾನ ಗಮನಾರ್ಹವಾದುದು. ಇದನ್ನು ಶ್ರೀರಂಗಪಟ್ಟಣದ ಹಳೆಯ ತೋಟದ ಅರಮನೆಗಳೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಟಿಪ್ಪು ಸುಲ್ತಾನರು 1784ರಲ್ಲಿ ಪೂರ್ಣಗೊಳಿಸಿದ ದರಿಯಾ ದೌಲತ್ ಬಾಗ್ ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ನದಿಯ ದಡದಲ್ಲಿದೆ. ಅದು ಎತ್ತರದ ಜಗಲಿಯ ಮೇಲೆ ತೇಗದ ಮರದಿಂದ ಕಟ್ಟಿದ ಬೇಸಿಗೆ ಅರಮನೆ. ಸುತ್ತಲೂ ಮೊಗಸಾಲೆ, ಗೋಡೆಗಳ ಮೇಲೆ ಪೊಳ್ಳಿಲೂರು ಯುದ್ಧವೂ ಸೇರಿದಂತೆ ವರ್ಣಚಿತ್ರಗಳು, ನಾಲ್ಕೂ ಕಡೆ ಅಳತೆಗೆ ತಕ್ಕ ತೋಟ. ಅಲ್ಲಿ ತೋಟದ ದಾರಿಗಳೆಲ್ಲ ಮನೆಯತ್ತ ಸಾಗುತ್ತವೆ. ತೋಟವಿರುವುದು ಮನೆಗಾಗಿ, ಮನೆಯಿರುವುದು ಒಡೆಯರಿಗಾಗಿ. 1799ರ ಯುದ್ಧದ ತರುವಾಯ ಅಲ್ಲಿ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದುದೂ ಒಡೆಯನ ಮನೆಯೆಂಬ ಅದರ ಸ್ವರೂಪಕ್ಕೆ ತಕ್ಕುದಾಗಿಯೇ ಇತ್ತು.

ಕೃಷ್ಣರಾಜಸಾಗರದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಉದ್ಯಾನದ ಕೇಂದ್ರದಲ್ಲಿ ಅರಮನೆಯಿಲ್ಲ. ಅಣೆಕಟ್ಟು ಮತ್ತು ನೀರು ಇವೆ. ಅತಿಥಿಗೃಹವು ಅಂಚಿಗೆ ಸರಿದು, ಉದ್ಯಾನವನ್ನು ನೋಡುವ ಮೊಗಸಾಲೆಯಂತೆ ನಿಂತಿದೆ. ಮೆಟ್ಟಿಲು, ಕಾಲುವೆ, ಮಂಟಪ ಮುಂತಾದ ಅಂಗಗಳು ಹಳೆಯ ಸಂಪ್ರದಾಯದವೇ ಆದರೂ, ಅವುಗಳ ಉದ್ದೇಶ ಬದಲಾಗಿದೆ. ಒಬ್ಬ ಒಡೆಯನ ವಿಶ್ರಾಂತಿಯ ಬದಲು, ರಾಜ್ಯದ ಇಂಜಿನಿಯರಿಂಗ್ ಸಾಧನೆಯನ್ನು ಸಾಮಾನ್ಯ ಜನರ ಕಣ್ಣಿಗೆ ಹಿತವಾಗಿ ಕಾಣಿಸುವುದು ಇಲ್ಲಿನ ಗುರಿ. ಈ ಅರ್ಥದಲ್ಲಿ ಬೃಂದಾವನ ಉದ್ಯಾನವು ಹೊರನೋಟಕ್ಕೆ ಮೊಗಲ್ ಶೈಲಿಯದಾಗಿದ್ದರೂ ಉದ್ದೇಶದಲ್ಲಿ ಆಧುನಿಕವಾದುದು.

ನಾಲೆ, ಸಕ್ಕರೆ ಮತ್ತು ಮಂಡ್ಯ ಜಿಲ್ಲೆ

ಉದ್ಯಾನದ ಕೆಲಸ ನಡೆಯುತ್ತಿದ್ದ ಕಾಲದಲ್ಲಿಯೇ ಜಲಾಶಯದ ಎಡದಂಡೆಯ ದೊಡ್ಡ ನಾಲೆಯ ಕಾಮಗಾರಿಯೂ ನಡೆಯುತ್ತಿತ್ತು. ವೈಸ್‌ರಾಯ್ ಇರ್ವಿನ್ ಅವರ ಹೆಸರಿನಿಂದ ಇರ್ವಿನ್ ನಾಲೆ ಎಂದು ಕರೆಯಲಾದ ಇದು ಇಂದು ವಿಶ್ವೇಶ್ವರಯ್ಯ ನಾಲೆ ಎನಿಸಿದೆ. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಮಾಡಿದ ಸುರಂಗದ ಮೂಲಕ ನೀರು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಬಯಲಿಗೆ ಹರಿಯಿತು. ರಾಗಿ, ಜೋಳ ಬೆಳೆಯುತ್ತಿದ್ದ ಹೊಲಗಳಲ್ಲಿ ಭತ್ತ ಮತ್ತು ಕಬ್ಬು ಬೆಳೆಯತೊಡಗಿದವು.

ಕಬ್ಬಿಗೆ ಮಾರುಕಟ್ಟೆ ಒದಗಿಸಲು 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಕಬ್ಬಿನ ಬೇಸಾಯ ಮತ್ತು ಕಾರ್ಖಾನೆಯ ಯೋಜನೆ ಎರಡರಲ್ಲಿಯೂ ಪ್ರಮುಖ ಪಾತ್ರ ವಹಿಸಿದರು. ಸರ್ಕಾರ ಮತ್ತು ಖಾಸಗಿ ಷೇರುದಾರರು ಜೊತೆಗೂಡಿ ಬಂಡವಾಳ ಹೂಡುವ ಈ ಮಾದರಿಯನ್ನು ಮಿರ್ಜಾ ಅವರು ಇತರ ಉದ್ಯಮಗಳಲ್ಲಿಯೂ ಅನುಸರಿಸಿದರು.

ಈ ಬೆಳವಣಿಗೆಯ ಫಲವಾಗಿ 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಮಂಡ್ಯ ಜಿಲ್ಲೆಯನ್ನು ಪ್ರತ್ಯೇಕಿಸಲಾಯಿತು. ಮಂಡ್ಯ, ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ಹೊಸ ಜಿಲ್ಲೆಗೆ ಸೇರಿದವು. ಆದರೆ ನಾಲೆಯ ಪ್ರಯೋಜನ ಎಲ್ಲ ತಾಲ್ಲೂಕುಗಳಿಗೂ ಸಮನಾಗಿ ದೊರೆಯಲಿಲ್ಲ. ನೀರು ತಗ್ಗಿನತ್ತ ಮಾತ್ರ ಹರಿಯುವುದರಿಂದ, ಎತ್ತರದಲ್ಲಿರುವ ನಾಗಮಂಗಲದ ಬಯಲು ಬಹುಮಟ್ಟಿಗೆ ಕೆರೆ ಮತ್ತು ಮಳೆಯನ್ನೇ ನಂಬಿಕೊಂಡು ಉಳಿಯಿತು. ಹೇಮಾವತಿ ಹರಿಯುವ ಕೃಷ್ಣರಾಜಪೇಟೆ ಸೀಮೆಯು ಜಲಾಶಯಕ್ಕೆ ನೆಲವನ್ನು ಬಿಟ್ಟುಕೊಟ್ಟರೂ ಈ ನಾಲೆಯ ಅಚ್ಚುಕಟ್ಟಿನಿಂದ ಹೊರಗಿತ್ತು.

ನಗರಗಳ ನಿರ್ಮಾಣ ಮತ್ತು ವಾಸ್ತುಶೈಲಿ

ಮಿರ್ಜಾ ಅವರ ಅವಧಿಯಲ್ಲಿ ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ವೃತ್ತಗಳು, ಉದ್ಯಾನಗಳು, ವಿಶಾಲ ರಸ್ತೆಗಳು ಮತ್ತು ಸಾರ್ವಜನಿಕ ಕಟ್ಟಡಗಳು ಹೆಚ್ಚಿದವು. ಬೀದಿಗಳನ್ನು ತಾವೇ ಸುತ್ತಿ ನೋಡಿ, ದೀಪದ ಕಂಬ, ಚರಂಡಿ, ಮರದ ಪಾತಿಯಂತಹ ಸಣ್ಣ ವಿವರಗಳ ಬಗೆಗೂ ಅಧಿಕಾರಿಗಳಿಗೆ ಸೂಚನೆ ನೀಡುವ ಅಭ್ಯಾಸ ಅವರಿಗಿತ್ತು. ಬೆಂಗಳೂರಿನ ಪುರಭವನಕ್ಕೆ 1933ರಲ್ಲಿ ಅಡಿಗಲ್ಲು ಹಾಕಿ 1935ರಲ್ಲಿ ಉದ್ಘಾಟಿಸಲಾಯಿತು. ಎತ್ತರದ ಮೆಟ್ಟಿಲುಗಳು ಮತ್ತು ಕಂಬಗಳ ಸಾಲಿನಿಂದ ಕೂಡಿದ ಈ ಕಟ್ಟಡವು ಯುರೋಪಿನ ಪ್ರಾಚೀನ ಶೈಲಿಯನ್ನು ಅನುಸರಿಸಿದೆ.

1939ರಲ್ಲಿ ಜರ್ಮನಿಯ ವಾಸ್ತುಶಿಲ್ಪಿ ಒಟ್ಟೊ ಕ್ಯೋನಿಗ್ಸ್‌ಬರ್ಗರ್ ಅವರನ್ನು ಸಂಸ್ಥಾನದ ಸೇವೆಗೆ ತೆಗೆದುಕೊಳ್ಳಲಾಯಿತು. ಬರ್ಲಿನ್ನಿನಲ್ಲಿ ಶಿಕ್ಷಣ ಪಡೆದಿದ್ದ ಅವರು ಯಹೂದಿ ಮೂಲದವರಾಗಿದ್ದ ಕಾರಣ ನಾಜಿ ಆಡಳಿತದಲ್ಲಿ ದೇಶ ಬಿಡಬೇಕಾಗಿ ಬಂದು, ಈಜಿಪ್ಟಿನಲ್ಲಿ ಕೆಲವು ಕಾಲ ಇದ್ದರು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರು ಕ್ಯೋನಿಗ್ಸ್‌ಬರ್ಗರ್ ಅವರಿಗೆ ಹತ್ತಿರದ ಬಂಧು. 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಬಾರ್ನ್ ಅವರಿಗೆ ಮಿರ್ಜಾ ಅವರ ಪರಿಚಯವಿತ್ತು.

ದಿವಾನರ ಮತ್ತು ಹೊಸ ವಾಸ್ತುಶಿಲ್ಪಿಯ ಅಭಿರುಚಿಗಳು ಒಂದೇ ಆಗಿರಲಿಲ್ಲ. ಗುಮ್ಮಟ, ಕಮಾನು ಮತ್ತು ಅಲಂಕಾರದ ಕಡೆಗೆ ಮಿರ್ಜಾ ಅವರ ಒಲವಿತ್ತು. ಕ್ಯೋನಿಗ್ಸ್‌ಬರ್ಗರ್ ಅವರು ಅಲಂಕಾರಕ್ಕಿಂತ ನೆರಳು, ಗಾಳಿ ಮತ್ತು ಬಳಕೆಯ ಅನುಕೂಲಕ್ಕೆ ಪ್ರಾಶಸ್ತ್ಯ ಕೊಡುತ್ತಿದ್ದರು. ಮೈಸೂರಿನಲ್ಲಿ ಪಡೆದ ಅನುಭವವು ಬಿಸಿಲ ನಾಡುಗಳ ವಾಸ್ತುಶಿಲ್ಪದ ಬಗೆಗಿನ ಅವರ ಚಿಂತನೆಗೆ ತಳಹದಿಯಾಯಿತು. ಮುಂದೆ ಅವರು ಭುವನೇಶ್ವರ ನಗರದ ಯೋಜನೆಯನ್ನು ಸಿದ್ಧಪಡಿಸಿದರು. ಲಂಡನ್ನಿನಲ್ಲಿ ಈ ವಿಷಯದ ಬೋಧನೆಯಲ್ಲಿ ಪ್ರಮುಖರೆನಿಸಿದರು. ತಮ್ಮ ಅಭಿರುಚಿಗೆ ಹೊಂದದ ಶೈಲಿಯ ಒಬ್ಬ ನಿರಾಶ್ರಿತ ತಜ್ಞನಿಗೆ ಮಿರ್ಜಾ ಅವರ ಆಡಳಿತವು ಅವಕಾಶ ನೀಡಿದ್ದು ಕರ್ನಾಟಕದ ಆಧುನಿಕ ವಾಸ್ತುಶಿಲ್ಪದ ಇತಿಹಾಸದಲ್ಲಿ ಮಹತ್ವದ ಘಟನೆಯಾಗಿದೆ.

ರಾಜಕೀಯ ವಿರೋಧ

ಆಡಳಿತಗಾರರಾಗಿ ಪಡೆದ ಮನ್ನಣೆಯೊಡನೆ ಮಿರ್ಜಾ ಅವರು ತೀವ್ರ ವಿರೋಧವನ್ನೂ ಎದುರಿಸಿದರು. 1928ರಲ್ಲಿ ಬೆಂಗಳೂರಿನ ಶಾಲೆಯೊಂದರ ಆವರಣದ ಗಣಪತಿ ವಿಗ್ರಹದ ವಿಷಯದಲ್ಲಿ ಉಂಟಾದ ಗಲಭೆ ಸರ್ಕಾರದ ವಿರುದ್ಧದ ಚಳವಳಿಯ ರೂಪ ತಾಳಿತು. ಅದರ ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು.

1930ರ ದಶಕದ ಉತ್ತರಾರ್ಧದಲ್ಲಿ ಜವಾಬ್ದಾರಿ ಸರ್ಕಾರದ ಬೇಡಿಕೆ ಬಲಗೊಂಡಿತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಸಮೀಪದ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜ ಹಾರಿಸುವ ಸತ್ಯಾಗ್ರಹ ನಡೆಯಿತು. ಟಿ. ಸಿದ್ಧಲಿಂಗಯ್ಯ ಮೊದಲಾದ ನಾಯಕರನ್ನು ಬಂಧಿಸಲಾಯಿತು. ಅದೇ ತಿಂಗಳ 25ರಂದು ಆಗಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರು ಮೃತಪಟ್ಟರು. ಈ ಘಟನೆ ದೇಶದಾದ್ಯಂತ ಖಂಡನೆಗೆ ಒಳಗಾಯಿತು. ತರುವಾಯ ಸರ್ದಾರ್ ವಲ್ಲಭಭಾಯಿ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಅವರು ಮೈಸೂರಿಗೆ ಬಂದು ಮಾತುಕತೆ ನಡೆಸಿದರು. ಮಿರ್ಜಾ–ಪಟೇಲ್ ಒಪ್ಪಂದ ಎಂದು ಹೆಸರಾದ ಈ ಸಂಧಾನದಿಂದ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ದೊರೆತು, ಸಂಸ್ಥಾನದ ಧ್ವಜದೊಂದಿಗೆ ರಾಷ್ಟ್ರಧ್ವಜವನ್ನೂ ಹಾರಿಸಲು ಅನುಮತಿ ಸಿಕ್ಕಿತು. ಆದರೂ ಜನರಿಗೆ ಹೊಣೆಯಾದ ಮಂತ್ರಿಮಂಡಲ ಅವರ ಅವಧಿಯಲ್ಲಿ ರಚನೆಯಾಗಲಿಲ್ಲ. ಮೈಸೂರಿಗೆ ಜವಾಬ್ದಾರಿ ಸರ್ಕಾರ ಬಂದದ್ದು 1947ರ ಅಕ್ಟೋಬರ್‌ನಲ್ಲಿ, ಸ್ವಾತಂತ್ರ್ಯಾನಂತರದ ಚಳವಳಿಯ ಫಲವಾಗಿ.

ಜಯಪುರ ಮತ್ತು ಹೈದರಾಬಾದ್

1940ರ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರು ನಿಧನರಾದರು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದ ಮೇಲೆ ದಿವಾನರ ಸ್ಥಾನದಲ್ಲಿ ಮಿರ್ಜಾ ಅವರು ಹೆಚ್ಚು ಕಾಲ ಮುಂದುವರಿಯಲಿಲ್ಲ. 1941ರಲ್ಲಿ ಅವರು ರಾಜೀನಾಮೆ ನೀಡಿದರು. ಎನ್. ಮಾಧವರಾವ್ ಅವರು ಉತ್ತರಾಧಿಕಾರಿಯಾದರು.

1942ರಿಂದ 1946ರವರೆಗೆ ಜಯಪುರದ ಪ್ರಧಾನಮಂತ್ರಿಯಾಗಿ ಮಿರ್ಜಾ ಅವರು ಆ ನಗರವು ಹಳೆಯ ಕೋಟೆಗೋಡೆಯ ಹೊರಗೆ ಯೋಜನಾಬದ್ಧವಾಗಿ ಬೆಳೆಯಲು ಕಾರಣರಾದರು. ಜಯಪುರದ ಪ್ರಮುಖ ವಾಣಿಜ್ಯ ಬೀದಿಯಾದ ಮಿರ್ಜಾ ಇಸ್ಮಾಯಿಲ್ ರಸ್ತೆ ಈ ಕಾರ್ಯದ ಸ್ಮಾರಕವಾಗಿದೆ. 1946ರಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಯಾದರು. ಭಾರತದೊಡನೆ ಸೌಹಾರ್ದದ ಸಂಬಂಧವಿರಬೇಕೆಂಬ ಅವರ ನಿಲುವಿಗೆ ಅಲ್ಲಿನ ಇತ್ತೆಹಾದ್ ಪಕ್ಷದಿಂದ ತೀವ್ರ ವಿರೋಧ ಬಂದಿತು. ನಿಜಾಮರ ಬೆಂಬಲವೂ ದೊರೆಯದೆ 1947ರಲ್ಲಿ ಅವರು ಆ ಹುದ್ದೆಯನ್ನು ತೊರೆದರು.

ಕೊನೆಯ ವರ್ಷಗಳು

ಬೆಂಗಳೂರಿಗೆ ಮರಳಿದ ಮಿರ್ಜಾ ಅವರು ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಬರೆದರು. ಮೈ ಪಬ್ಲಿಕ್ ಲೈಫ್ ಎಂಬ ಆ ಗ್ರಂಥವು 1954ರಲ್ಲಿ ಪ್ರಕಟವಾಯಿತು. ಅವರು 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು.

ಮೌಲ್ಯಮಾಪನ ಮತ್ತು ಸ್ಮರಣೆ

ಮಿರ್ಜಾ ಇಸ್ಮಾಯಿಲ್ ಅವರ ಕಾರ್ಯದ ಬಗೆಗೆ ಎರಡು ಅಭಿಪ್ರಾಯಗಳಿವೆ. ಉದ್ಯಾನ, ವೃತ್ತ, ದೀಪಗಳ ಮೇಲಿನ ವೆಚ್ಚವು ಬಡ ರೈತರ ನಾಡಿಗೆ ಅನಿವಾರ್ಯವಾಗಿರಲಿಲ್ಲ. ಜನ ಕೇಳಿದ್ದು ಹಕ್ಕು, ದಿವಾನರು ಕೊಟ್ಟದ್ದು ಅಂದ ಎಂಬುದು ಒಂದು ಟೀಕೆ. ಅಂದವಾದ ಪರಿಸರ ಶ್ರೀಮಂತರ ಸೊತ್ತಾಗಿ ಉಳಿಯದೆ ಎಲ್ಲರಿಗೂ ದೊರೆಯುವಂತೆ ಮಾಡುವುದು ಆಡಳಿತದ ಕರ್ತವ್ಯವೆಂದು ಅವರು ಬಗೆದಿದ್ದರು, ಆ ದೃಷ್ಟಿಯಿಂದ ನಾಲೆ, ಕಾರ್ಖಾನೆ ಮತ್ತು ಉದ್ಯಾನ ಒಂದೇ ಯೋಜನೆಯ ಅಂಗಗಳು ಎಂಬುದು ಇನ್ನೊಂದು. ಶಿವಪುರ ಮತ್ತು ಕೃಷ್ಣರಾಜಸಾಗರ ಎರಡೂ ಇಂದು ಮಂಡ್ಯ ಜಿಲ್ಲೆಯಲ್ಲಿಯೇ ಇವೆ. ಅವರ ಆಡಳಿತದ ಈ ಎರಡು ಮುಖಗಳನ್ನು ಜೊತೆಯಾಗಿ ಗಮನಿಸಿದಾಗ ಮಾತ್ರ ಅವರ ಸ್ಥಾನವನ್ನು ಸರಿಯಾಗಿ ಅಳೆಯಲು ಸ್ವಾತಂತ್ರ್ಯಪೂರ್ವ ಮೈಸೂರಿನ ವಿದ್ಯಾರ್ಥಿಗೆ ಸಾಧ್ಯವಾಗುತ್ತದೆ.

ಸ್ವಾತಂತ್ರ್ಯಾನಂತರ ಬೃಂದಾವನ ಉದ್ಯಾನವು ಶಾಲಾ ಪ್ರವಾಸಗಳ ಹಾಗೂ ಚಲನಚಿತ್ರ ಚಿತ್ರೀಕರಣದ ನೆಚ್ಚಿನ ತಾಣವಾಯಿತು. ಕನ್ನಡವಲ್ಲದೆ ಇತರ ಭಾಷೆಗಳ ಅನೇಕ ಚಿತ್ರಗೀತೆಗಳನ್ನು ಇಲ್ಲಿ ಚಿತ್ರಿಸಲಾಗಿದೆ. ಸಂಗೀತ ಕಾರಂಜಿ ನಂತರದ ಸೇರ್ಪಡೆ. ಉದ್ಯಾನದ ನಿರ್ವಹಣೆ ಈಗ ಕಾವೇರಿ ನೀರಾವರಿ ನಿಗಮದ ಹೊಣೆಯಾಗಿದೆ. ಭದ್ರತೆಯ ಕಾರಣದಿಂದ ಅಣೆಕಟ್ಟಿನ ಮೇಲಿನ ರಸ್ತೆಯಲ್ಲಿ ಸಾರ್ವಜನಿಕ ಸಂಚಾರಕ್ಕೆ ನಿರ್ಬಂಧವಿದೆ.